ಶಿಗ್ಗಾಂವಿ ಅಜ್ಜಿಯ ಕಥಿ ಚೀಲ

ಹೋದ ಬೇಸಿಗೆ ಸೂಟಿಯ ಮಾತು. ಲಕ್ಷ್ಮೇಶ್ವರದ ನಮ್ಮ ಮನೆಯ ಪಡಸಾಲೆಯಲ್ಲಿ ಅಣ್ಣನ ಮಗಳು ಬೋರಲು ಮಲಗಿ ಪುಸ್ತಕ ಓದುತ್ತಿದ್ದಳು. ಅವಳು ಓದುವುದು ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಂ ಸಾಲೆಯಲ್ಲಿ. ನಮ್ಮವ್ವ ಮಗ್ಗುಲಲ್ಲೇ ಕೂತು ಮೊರದ ತುಂಬ ಶೇಂಗಾ ಸುಲಿಯುತ್ತಿದ್ದಳು. ಹುಡುಗಿ ಒಬ್ಬಳೇ ಕಿಸಕ್ಕನೆ ನಕ್ಕಳು. ಅವ್ವನಿಗೆ ತಡೆಯಲಾಗಲಿಲ್ಲ.

“ಅದೇನ್ ಅಷ್ಟ್ ನಗಾಕತ್ತೀ? ನನಗೂ ಒಂದೀಟು ಹೇಳವಾ.”

“ಆಯಿ, ಇದು ಶಿಗ್ಗಾಂವಿ ಅಜ್ಜಿ ಕಥಿ.”

“ಯಾವ ಶಿಗ್ಗಾಂವಿ? ನಮ್ಮ ಶಿಗ್ಗಾಂವಿನ?”

“ಹೂಂ.”

“ಮತ್ತ ಆಕಿ ಇಂಗ್ಲಿಷಿನ್ಯಾಗ ಯಾಕ ಮಾತಾಡ್ತಾಳ?”

ಹುಡುಗಿಗೆ ಉತ್ತರ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮಕ್ಕಳಿಗೆ ಯಾವ ಪುಸ್ತಕ ಕೊಡಿಸೋಣ ಎಂದು ಗದಗ-ಬೆಟಗೇರಿಯ ಗೆಳೆಯರೂ ಶಿರಹಟ್ಟಿ-ಮುಂಡರಗಿ ಕಡೆಯ ಬೀಗರೂ ಕೇಳಿದಾಗ ನಾನು ಮೊದಲು ಹೇಳುವ ಹೆಸರು ಸುಧಾ ಮೂರ್ತಿಯವರದೇ. ಅವ್ವನ ಪ್ರಶ್ನೆ ಬಿದ್ದ ಮೇಲೆ ಆ ಪುಸ್ತಕಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಶಿಫಾರಸನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ಆದರೆ ಯಾವುದನ್ನು ಮೊದಲು ಕೊಡಬೇಕು, ಯಾವುದನ್ನು ಕೊಡುವಾಗ ನಾವೂ ಮಗುವಿನ ಜೊತೆ ಕೂರಬೇಕು, ಯಾವುದನ್ನು ಬಿಟ್ಟರೂ ನಡೆದೀತು ಎಂಬುದು ಸ್ಪಷ್ಟವಾಯಿತು.

ಸುಧಾ ಮೂರ್ತಿ ಹುಟ್ಟಿದ್ದು 1950ರಲ್ಲಿ, ಶಿಗ್ಗಾಂವಿಯಲ್ಲಿ. 1997ರಲ್ಲಿ ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾಗುವವರೆಗೆ ಶಿಗ್ಗಾಂವಿಯೂ ನಮ್ಮ ಊರುಗಳೂ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. ಸಂತೆ, ಸಂಬಂಧ, ಮಾತಿನ ಧಾಟಿ ಇವತ್ತಿಗೂ ಒಂದೇ. ಅವರು ಕನ್ನಡ ಮಾಧ್ಯಮದಲ್ಲಿ ಓದಿ, ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿದವರು. ‘ಮಹಾಶ್ವೇತೆ’, ‘ಡಾಲರ್ ಸೊಸೆ’ಯಂಥ ಕಾದಂಬರಿಗಳಿಂದ ಕನ್ನಡದ ಮನೆಮನೆಗೆ ಪರಿಚಿತರಾದರು. ಮಕ್ಕಳಿಗಾಗಿ ಬರೆದದ್ದು ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. 2023ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಅವರಿಗೆ ಸಂದದ್ದು ಇಂಗ್ಲಿಷ್ ವಿಭಾಗದಲ್ಲಿ, ‘ಗ್ರ್ಯಾಂಡ್‌ಪೇರೆಂಟ್ಸ್ ಬ್ಯಾಗ್ ಆಫ್ ಸ್ಟೋರೀಸ್’ ಪುಸ್ತಕಕ್ಕೆ. ಅದೇ ವರ್ಷ ಕನ್ನಡ ವಿಭಾಗದ ಪುರಸ್ಕಾರ ಪಡೆದದ್ದು ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಅಂದರೆ ಆ ವರ್ಷ ನಮ್ಮ ಸೀಮೆಯ ಅಜ್ಜಿ ಕೂತದ್ದು ಇಂಗ್ಲಿಷಿನ ಸಾಲಿನಲ್ಲಿ.

*

ಒಂದೇ ಪುಸ್ತಕ ಕೊಳ್ಳುವಷ್ಟು ದುಡ್ಡಿದ್ದರೆ ‘ಹೌ ಐ ಟಾಟ್ ಮೈ ಗ್ರ್ಯಾಂಡ್‌ಮದರ್ ಟು ರೀಡ್’ ಕೊಳ್ಳಿ. ಅಜ್ಜಿಗೆ ಓದು ಕಲಿಸಿದ ಕಥೆಯೇ ಸಂಕಲನದ ಹೆಸರು. 2004ರಲ್ಲಿ ಬಂದ ಈ ಪುಸ್ತಕದ ಆ ಒಂದು ಬರಹ ಸಿಬಿಎಸ್‌ಇ ಇಂಗ್ಲಿಷ್ ಪಠ್ಯದಲ್ಲೂ ಇತ್ತು, ಹಾಗಾಗಿ ಅನೇಕರು ಓದಿರುತ್ತಾರೆ. ಪಾಠವೆಂದು ಓದಿ ಪರೀಕ್ಷೆಗೆ ಉತ್ತರ ಬರೆದು ಮರೆತವರು ಇನ್ನೊಮ್ಮೆ ಓದಬೇಕು.

ಕಥೆ ಗೊತ್ತಿರುವುದೇ. ಹಳ್ಳಿಗೆ ಬಸ್ಸಿನಲ್ಲಿ ‘ಕರ್ಮವೀರ’ ವಾರಪತ್ರಿಕೆ ಬರುತ್ತದೆ. ಅದರಲ್ಲಿ ತ್ರಿವೇಣಿಯವರ ‘ಕಾಶೀಯಾತ್ರೆ’ ಧಾರಾವಾಹಿ. ಅಕ್ಷರ ಬಾರದ ಅಜ್ಜಿಗೆ ಮೊಮ್ಮಗಳು ವಾರವಾರ ಓದಿ ಹೇಳುತ್ತಾಳೆ. ಮೊಮ್ಮಗಳು ಸವಣೂರಿಗೆ ಮದುವೆಗೆಂದು ಹೋಗಿ ಒಂದು ವಾರ ಉಳಿದುಬಿಡುತ್ತಾಳೆ. ಪತ್ರಿಕೆ ಬರುತ್ತದೆ, ಅಜ್ಜಿ ಪುಟ ಮಗುಚಿ ನೋಡುತ್ತಾಳೆ, ಏನೂ ತಿಳಿಯುವುದಿಲ್ಲ. ಅಕ್ಕಪಕ್ಕದವರನ್ನು ಓದಿ ಹೇಳಿರೆಂದು ಕೇಳಲು ನಾಚಿಕೆ. ಮೊಮ್ಮಗಳು ತಿರುಗಿ ಬಂದಾಗ ಅಜ್ಜಿಯ ಕಣ್ಣಲ್ಲಿ ನೀರು. ದಸರೆಯ ಸರಸ್ವತಿ ಪೂಜೆಯ ಹೊತ್ತಿಗೆ ತಾನೇ ಓದುವಂತಾಗಬೇಕು ಎಂದು ಹಟ ಹಿಡಿದು, 62ರ ವಯಸ್ಸಿನಲ್ಲಿ ಕಲಿತೇಬಿಡುತ್ತಾಳೆ. ಕೊನೆಗೆ ಗುರುವೆಂದು ಮೊಮ್ಮಗಳ ಕಾಲು ಮುಟ್ಟುತ್ತಾಳೆ.

ಈ ಬರಹದ ಹೆಚ್ಚುಗಾರಿಕೆ ಅಜ್ಜಿಗೆ ಅಕ್ಷರದ ಆಸೆ ಹುಟ್ಟಿದ ಕಾರಣದಲ್ಲಿದೆ. ಅಕ್ಷರ ಕಲಿಯುವುದರ ಬಗ್ಗೆ ನಮ್ಮಲ್ಲಿ ಬರುವ ಬಹುಪಾಲು ಕಥೆಗಳು ಹೆಬ್ಬೆಟ್ಟಿನ ಕಥೆಗಳು. ಸಾಹುಕಾರ ಮೋಸ ಮಾಡಿದ, ಕಾಗದದ ಮೇಲೆ ಸಹಿ ಹಾಕಿಸಿಕೊಂಡ, ಹೊಲ ಹೋಯಿತು, ಅದಕ್ಕೇ ಓದು ಕಲಿಯಬೇಕು. ಈ ಅಜ್ಜಿಗೆ ಹೊಲವೂ ಹೋಗಿಲ್ಲ, ಹಣವೂ ಹೋಗಿಲ್ಲ. ಕಾಶಿಗೆ ಹೋಗಬೇಕೆಂದಿದ್ದ ಕಾದಂಬರಿಯ ಮುದುಕಿಗೆ ಮುಂದೇನಾಯಿತು ಎಂಬ ಚಿಂತೆಯೊಂದೇ. ಕಥೆಯ ಹಸಿವಿಗೆ ಅಕ್ಷರ ಕಲಿತವಳು ಅವಳು. ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಪುಸ್ತಕದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಕಾರಣ ಇನ್ನೇನಿದ್ದೀತು? ಓದಿದರೆ ಜಾಣರಾಗುತ್ತೀರಿ, ನೌಕರಿ ಸಿಗುತ್ತದೆ ಎಂದು ನಾವು ಮಕ್ಕಳಿಗೆ ದಿನಾ ಹೇಳುತ್ತೇವೆ. ಮುಂದಿನ ವಾರದ ತನಕ ತಡೆಯಲಾಗದೆ ಓದು ಕಲಿತ ಮುದುಕಿಯನ್ನು ತೋರಿಸಿದರೆ ಮಗುವಿಗೆ ತಾನಾಗಿಯೇ ತಿಳಿಯುತ್ತದೆ.

ಇನ್ನೊಂದು, ಇಲ್ಲಿ ಸವಣೂರು ಸವಣೂರಾಗಿಯೇ ಬರುತ್ತದೆ, ಕರ್ಮವೀರ ಕರ್ಮವೀರವಾಗಿಯೇ ಬರುತ್ತದೆ, ತ್ರಿವೇಣಿ ತ್ರಿವೇಣಿಯಾಗಿಯೇ ಬರುತ್ತಾರೆ. ‘ಒಂದು ಊರು’, ‘ಒಂದು ಪತ್ರಿಕೆ’, ‘ಒಬ್ಬ ಲೇಖಕಿ’ ಎಂದು ಸವರಿ ನುಣುಪು ಮಾಡಿಲ್ಲ. ಇಂಗ್ಲಿಷಿನಲ್ಲಿದ್ದರೂ ಕಥೆಯ ಕಾಲು ನೆಲಕ್ಕೆ ಹತ್ತಿದೆ. ತಪ್ಪು ಹುಡುಕುವುದಾದರೆ, ಲೇಖಕಿ ತಾನು ಹೇಳಿದ್ದನ್ನು ತಾನೇ ಅರ್ಥ ಬಿಡಿಸಿ ಹೇಳುವ ಚಟ ಇಲ್ಲಿಯೂ ಅಲ್ಲಲ್ಲಿ ಇಣುಕುತ್ತದೆ. ಕಲಿಯಲು ವಯಸ್ಸಿನ ಹಂಗಿಲ್ಲ ಎಂದು ಮಾತಿನಲ್ಲಿ ಹೇಳುವ ಅಗತ್ಯವಿರಲಿಲ್ಲ, ಅಜ್ಜಿ ಕಾಲು ಮುಟ್ಟಿದ್ದೇ ಸಾಕಾಗಿತ್ತು. ಈ ಚಟ ಮುಂದಿನ ಪುಸ್ತಕಗಳಲ್ಲಿ ಬೆಳೆದು ಹೆಮ್ಮರವಾಗುತ್ತದೆ.

*

ಅತಿ ಹೆಚ್ಚು ಮಂದಿ ಪ್ರೀತಿಸುವ ಪುಸ್ತಕ ‘ಗ್ರ್ಯಾಂಡ್‌ಮಾಸ್ ಬ್ಯಾಗ್ ಆಫ್ ಸ್ಟೋರೀಸ್’. ಬಂದದ್ದು 2012ರಲ್ಲಿ. ಪ್ರಿಯಾ ಕುರಿಯನ್ ಅವರ ಚಿತ್ರಗಳಿವೆ. ಆನಂದ, ಕೃಷ್ಣ, ರಘು, ಮೀನು ಬೇಸಿಗೆ ಸೂಟಿಗೆ ಶಿಗ್ಗಾಂವಿಯ ಅಜ್ಜ-ಅಜ್ಜಿಯ ಮನೆಗೆ ಬರುತ್ತಾರೆ. ಹಗಲೆಲ್ಲ ಆಟ, ಹೊಟ್ಟೆ ತುಂಬ ತಿನಿಸು, ಹೊತ್ತು ಮುಳುಗಿದ ಮೇಲೆ ಕಥೆ. ಒಂದು ದೊಡ್ಡ ಕಥೆಯ ಮಡಿಲಲ್ಲಿ ಸಣ್ಣ ಸಣ್ಣ ಕಥೆಗಳು.

ಈ ಕಟ್ಟು ನಮ್ಮ ಜಿಲ್ಲೆಗೆ ಹೊಸದಲ್ಲ. ರೋಣ ತಾಲ್ಲೂಕಿನ ಸವಡಿಯವನೆಂದು ಗುರುತಿಸಲಾಗುವ ದುರ್ಗಸಿಂಹ 1031ರ ಸುಮಾರಿಗೆ ಕನ್ನಡದಲ್ಲಿ ಪಂಚತಂತ್ರ ಬರೆದ. ಓದು ತಲೆಗೆ ಹತ್ತದ ರಾಜಕುಮಾರರನ್ನು ಕಥೆಗಳಿಂದಲೇ ದಾರಿಗೆ ತರುವ ಉಪಾಯ ಅದು. ಮುಳಗುಂದದ ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದು, ಹದಿನಾಲ್ಕು ಕಥೆಗಳಲ್ಲಿ ಧರ್ಮದ ಪಾಠವನ್ನೆಲ್ಲ ಹೇಳಿ ಮುಗಿಸಿದ. ಕಥೆಯಿಂದ ಬುದ್ಧಿ ಹೇಳುವುದು ಈ ಮಣ್ಣಿನ ಸಾವಿರ ವರ್ಷದ ಕಸುಬು. ಶಿಗ್ಗಾಂವಿ ಅಜ್ಜಿ ಆ ಕಸುಬಿನ ಈಗಿನ ವಾರಸುದಾರಳು.

ಅಜ್ಜಿಯ ಗುಣಗಳನ್ನು ಮೊದಲು ಹೇಳಬೇಕು. ಒಂದೊಂದು ಕಥೆಯೂ ಒಂದು ರೊಟ್ಟಿ ತಿಂದು ಮುಗಿಸುವಷ್ಟು ಹೊತ್ತಿನದು. ವಾಕ್ಯಗಳು ಸಣ್ಣವು, ಪದಗಳು ಸರಳ. ಆಗತಾನೆ ಇಂಗ್ಲಿಷ್ ಓದಲು ಕಲಿತ ಶಿರಹಟ್ಟಿಯ ಹುಡುಗನೂ ಎಡವದೆ ಓದಿಯಾನು. ಕೇಳುವ ಮಕ್ಕಳು ಸುಮ್ಮನೆ ಕೂರುವುದಿಲ್ಲ, ನಡುವೆ ಬಾಯಿ ಹಾಕುತ್ತಾರೆ, ಅಜ್ಜಿ ರೇಗುವುದಿಲ್ಲ. ನಮ್ಮಲ್ಲಿ ಕಥೆ ಕೇಳುವವರು ‘ಹೂಂ’ ಅನ್ನುತ್ತಿರಬೇಕು. ಹೂಂಗುಟ್ಟುವುದು ನಿಂತರೆ ಹುಡುಗ ನಿದ್ದೆ ಹೋದ ಎಂದು ಅರ್ಥ, ಕಥೆಯೂ ಅಲ್ಲಿಗೇ ನಿಲ್ಲುತ್ತದೆ. ಆ ಹೂಂಕಾರವನ್ನು ಸುಧಾ ಮೂರ್ತಿ ಪ್ರಶ್ನೆಗಳಾಗಿ ಮಾರ್ಪಡಿಸಿದ್ದಾರೆ. ಪುಸ್ತಕದ ಕೊನೆಯ ಕಡೆ ಬರುವ ಮುಗಿಯದ ಕಥೆಯಂತೂ ಕಥೆ ಹೇಳುವವರಿಗೂ ಕೇಳುವವರಿಗೂ ನಡೆಯುವ ಹಳೆಯ ಜಗ್ಗಾಟದ ಆಟವೇ. ಹಕ್ಕಿ ಕಣಜದಿಂದ ಒಂದು ಕಾಳು ಒಯ್ಯುತ್ತದೆ, ಮತ್ತೆ ಬಂದು ಇನ್ನೊಂದು ಕಾಳು ಒಯ್ಯುತ್ತದೆ, ಮತ್ತೆ ಬರುತ್ತದೆ. ಅದನ್ನು ಓದಿ ನಗದ ಮಗುವನ್ನು ನಾನು ಕಂಡಿಲ್ಲ.

ದೋಷ ಎಲ್ಲಿ ಎಂಬುದನ್ನು ನನಗೆ ತೋರಿಸಿಕೊಟ್ಟವಳು ನಮ್ಮವ್ವ. ಆವತ್ತು ಮೊಮ್ಮಗಳು ಕಾವೇರಿ ಎಂಬ ರೈತ ಹೆಣ್ಣುಮಗಳ ಕಥೆಯನ್ನು ಕನ್ನಡ ಮಾಡಿ ಹೇಳತೊಡಗಿದಳು. ದುಡಿಮೆಗಾರ್ತಿ ಕಾವೇರಿ, ಮೈಗಳ್ಳ ಗಂಡ, ಒಬ್ಬ ಕಳ್ಳ. ಹೊಲದಲ್ಲಿ ಬಂಗಾರ ಹೂತಿದೆ ಎಂದು ಅವಳು ಕಳ್ಳನನ್ನು ನಂಬಿಸುತ್ತಾಳೆ. ಅವನು ರಾತ್ರಿಯಿಡೀ ಹೊಲ ಅಗೆಯುತ್ತಾನೆ. ಬಂಗಾರ ಸಿಗುವುದಿಲ್ಲ, ಕಾವೇರಿಯ ಹೊಲ ಮಾತ್ರ ಪುಕ್ಕಟೆ ಹದವಾಗುತ್ತದೆ. ಅವ್ವ ಕೈಯಲ್ಲಿದ್ದ ಶೇಂಗಾ ಅಲ್ಲೇ ಬಿಟ್ಟು ಕೇಳಿದಳು:

“ಎರಿ ಹೊಲಾನೋ ಮಸಾರೀನೋ?”

ಪುಸ್ತಕದಲ್ಲಿ ಇಲ್ಲ ಎಂದಳು ಹುಡುಗಿ.

“ಎರಿ ಆಗಿದ್ರ ಒಂದು ರಾತ್ರಿಗೆ ಗುದ್ಲಿ ಹಿಡದು ಅಷ್ಟು ಹೊಲ ಕಡಿಯೂದು ಯಾರ ಕೈಲೆ ಆಗತೈತಿ? ಮಸಾರಿ ಇರಬೇಕು ತಗೋ.”

ವಿಮರ್ಶೆ ಎಂದರೆ ಇದೇ. ಶಿಗ್ಗಾಂವಿಯ ಅಜ್ಜಿ ಹೇಳುವ ಕಥೆಯಲ್ಲಿ ಶಿಗ್ಗಾಂವಿಯ ಮಣ್ಣೇ ಇಲ್ಲ. ಚೌಕಟ್ಟಿನ ಕಥೆಗೆ ಊರಿದೆ, ಮನೆಯಿದೆ, ತಿಂಡಿಯ ವಾಸನೆಯಿದೆ. ಒಳಗಿನ ಕಥೆಗಳಿಗೆ ಬಂದರೆ ಯಾವುದೋ ಒಂದು ರಾಜ್ಯ, ಯಾರೋ ಒಬ್ಬ ರಾಜ, ಎಲ್ಲಿಯೋ ಒಂದು ಹೊಲ. ಜನಪದ ಕಥೆಯಲ್ಲಿಯೂ ‘ಒಂದೂರಾಗ ಒಬ್ಬ ರಾಜ’ ಎಂದೇ ಶುರುವಾಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಹೇಳುವವಳ ಬಾಯಲ್ಲಿ ಆ ರಾಜ ಎರಡನೇ ಮಾತಿಗೇ ನಮ್ಮೂರ ಗೌಡನ ಹಾಗೆ ಮೀಸೆ ತಿರುವುತ್ತಾನೆ, ರಾಣಿ ನಮ್ಮ ಓಣಿಯ ಬಾವಿಗೇ ನೀರಿಗೆ ಬರುತ್ತಾಳೆ. ಬಾಯಿಕಥೆಯಲ್ಲಿ ಹೇಳುವವಳು ತುಂಬುವ ಈ ಜಾಗ ಅಚ್ಚಿನಲ್ಲಿ ಖಾಲಿ ಉಳಿದಿದೆ. ದಿಲ್ಲಿಯ ಮಗುವಿಗೂ ಲಂಡನ್ನಿನ ಮಗುವಿಗೂ ತಿಳಿಯಲಿ ಎಂದು ಉಜ್ಜಿ ಉಜ್ಜಿ ನುಣುಪು ಮಾಡಿದ್ದಾರೆ. ಎಲ್ಲರ ಕೈಗೂ ಹತ್ತುವ ಕಥೆಗಳಾಗಿವೆ, ಯಾರ ಕೈಗೂ ಚುಚ್ಚುವುದಿಲ್ಲ.

ಅದಕ್ಕೇ ಈ ಪುಸ್ತಕದ ಬಗ್ಗೆ ನನ್ನ ಶಿಫಾರಸಿಗೆ ಒಂದು ಕಟ್ಟಳೆಯಿದೆ. ಕೊಡಿಸಿ, ಆದರೆ ಮಗುವಿನ ಕೈಗೆ ಕೊಟ್ಟು ಎದ್ದು ಹೋಗಬೇಡಿ. ಮಗು ಓದಲಿ, ಮನೆಯ ಹಿರಿಯರಿಗೆ ತನ್ನ ಮಾತಿನಲ್ಲಿ ಹೇಳಲಿ. ಹಿರಿಯರು ಎರೆಯೋ ಮಸಾರಿಯೋ ಎಂದು ಕೇಳಲಿ. ಬೆಟಗೇರಿಯ ಮಗ್ಗದ ಮನೆಯ ಮಗುವಾದರೆ ಇದೇ ಪುಸ್ತಕದ ರೇಷ್ಮೆಯ ಕಥೆ ಓದಿಸಿ. ಗೂಡಿನಿಂದ ಎಳೆ ಬಿಚ್ಚುವ ಸಂಗತಿ ಬಂದಾಗ ಮನೆಯ ಹಿರಿಯರು ಆಡುವ ಮಾತು ಪುಸ್ತಕಕ್ಕಿಂತ ದೊಡ್ಡದಾಗುತ್ತದೆ. ಅಚ್ಚಿನಲ್ಲಿ ಬಿಟ್ಟ ಜಾಗ ಹೀಗೆ ತುಂಬುತ್ತದೆ.

ಇದರ ಮುಂದುವರಿಕೆ ‘ಗ್ರ್ಯಾಂಡ್‌ಪೇರೆಂಟ್ಸ್ ಬ್ಯಾಗ್ ಆಫ್ ಸ್ಟೋರೀಸ್’ ಬಂದದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ಅದರ ಚೌಕಟ್ಟೂ ಲಾಕ್‌ಡೌನಿನದೇ. ಮಕ್ಕಳು ಮತ್ತೆ ಶಿಗ್ಗಾಂವಿಗೆ ಬಂದು ಸೇರುತ್ತಾರೆ, ಮಾಸ್ಕ್ ಹೊಲಿಯುತ್ತಾರೆ, ಕೂಲಿಯವರಿಗೆ ಅಡುಗೆ ಮಾಡುವುದರಲ್ಲಿ ಕೈ ಜೋಡಿಸುತ್ತಾರೆ. ಒಳಗಿನ ಕಥೆಗಳಿಗಿಂತ ಈ ಹೊರಗಿನ ಕಥೆಯೇ ನನಗೆ ಹಿಡಿಸಿತು. ಆ ದಿನಗಳನ್ನು ಕಂಡ ಮಕ್ಕಳು ಈಗ ದೊಡ್ಡವರಾಗುತ್ತಿದ್ದಾರೆ, ನೆನಪು ಮಾಸುವ ಮುಂಚೆ ಓದಲಿ.

*

ಹತ್ತು ವರ್ಷ ದಾಟಿದ ಮಕ್ಕಳಿಗೆ ನಾನು ಹೇಳುವುದು ‘ದ ಮ್ಯಾಜಿಕ್ ಆಫ್ ದ ಲಾಸ್ಟ್ ಟೆಂಪಲ್’. 2015ರ ಕಾದಂಬರಿ. ನೂನಿ ಎಂಬ ಪಟ್ಟಣದ ಹುಡುಗಿ ಕರ್ನಾಟಕದ ಹಳ್ಳಿಯಲ್ಲಿರುವ ಅಜ್ಜ-ಅಜ್ಜಿಯ ಹತ್ತಿರ ಬರುತ್ತಾಳೆ. ಹಪ್ಪಳ ಮಾಡುವುದು, ಸೈಕಲ್ ಕಲಿಯುವುದು, ಗೆಳತಿಯರ ಜೊತೆ ಬುತ್ತಿ ಕಟ್ಟಿಕೊಂಡು ತಿರುಗುವುದು. ಹೀಗೆ ತಿರುಗುವಾಗ ಕಾಡಿನ ನಡುವೆ ಹೂತುಹೋದ ಹಳೆಯ ಮೆಟ್ಟಿಲು ಬಾವಿ ಅವಳಿಗೆ ಸಿಗುತ್ತದೆ.

ಗದಗಿನವರಿಗೆ ಈ ಕಥೆ ಕಟ್ಟುಕಥೆ ಅನ್ನಿಸುವುದೇ ಇಲ್ಲ. ಗದಗಿನಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿದೆ. ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯ ಮೆಟ್ಟಿಲಿಳಿದು ನಿಂತರೆ ಗೋಡೆಗಳಲ್ಲೂ ಪುಟ್ಟ ಪುಟ್ಟ ಗುಡಿಗಳು ಕಾಣುತ್ತವೆ. ನೀರಿಗೆ ಇಳಿಯುವುದೂ ದೇವರ ಹತ್ತಿರ ಹೋಗುವುದೂ ಒಂದೇ ಎಂದು ತಿಳಿದವರು ಕಟ್ಟಿದ ಬಾವಿ ಅದು. ಪುಸ್ತಕ ಮುಗಿದ ಮರುದಿನವೇ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ನೂನಿ ಕಂಡದ್ದನ್ನು ತಾನೂ ಕಾಣಲು ನಮ್ಮ ಭಾಗದ ಮಗುವಿಗೆ ಬಸ್ ಚಾರ್ಜೊಂದು ಸಾಕು. ಈ ಪುಣ್ಯ ಎಲ್ಲ ಓದುಗರಿಗೂ ಇರುವುದಿಲ್ಲ.

ಲಕ್ಕುಂಡಿಗೆ ಹೋದವರು ಅಲ್ಲಿಯ ಬ್ರಹ್ಮ ಜಿನಾಲಯದ ಮುಂದೆಯೂ ನಿಲ್ಲಬೇಕು. ಅದನ್ನು ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಬರೆಸಿ ಹಂಚಿದವಳು. ಅಚ್ಚು ಇಲ್ಲದ ಕಾಲದಲ್ಲಿ, ತಾಳೆಗರಿಯ ಮೇಲೆ, ಒಂದೊಂದು ಅಕ್ಷರವನ್ನೂ ಕೈಯಲ್ಲಿ ಬರೆಸಿ. ‘ಈ ಪುಸ್ತಕ ಓದಿ’ ಎಂದು ಇನ್ನೊಬ್ಬರಿಗೆ ಹೇಳುವ ಕೆಲಸಕ್ಕೆ ನಮ್ಮ ನೆಲದಲ್ಲಿ ಆಕೆಯೇ ಮೊದಲಿಗಳು. ರಾಜ್ಯ ಸರ್ಕಾರ ಆಕೆಯ ಹೆಸರಿನಲ್ಲಿ ಕೊಡುವ ಪ್ರಶಸ್ತಿ ಸುಧಾ ಮೂರ್ತಿಯವರಿಗೂ ಬಂದಿದೆ. ಊರೂರಿನ ಸಾಲೆಗಳಿಗೆ ಗ್ರಂಥಾಲಯ ಕಟ್ಟಿಕೊಟ್ಟ ಅವರಿಗೆ ಆ ಹೆಸರು ಒಪ್ಪುತ್ತದೆ.

ಕಾದಂಬರಿಯಾಗಿ ನೋಡಿದರೆ ‘ಲಾಸ್ಟ್ ಟೆಂಪಲ್’ಗೆ ದೊಡ್ಡ ಕೊರತೆಯೊಂದಿದೆ. ನೂನಿಯ ಹಳ್ಳಿಯಲ್ಲಿ ಎಲ್ಲರೂ ಒಳ್ಳೆಯವರು. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ, ಬಾವಿಯ ನೀರು ಯಾರು ಸೇದಬೇಕು ಯಾರು ಸೇದಬಾರದು ಎಂಬ ಮಾತೇ ಅಲ್ಲಿ ಬರುವುದಿಲ್ಲ. ಬಾವಿಯ ಸುತ್ತ ಕಟ್ಟಿದ ಕಥೆಯಲ್ಲಿ ಈ ಮೌನ ಎದ್ದು ಕಾಣುತ್ತದೆ. ಮಕ್ಕಳ ಪುಸ್ತಕಕ್ಕೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಹಳ್ಳಿಯ ಮಕ್ಕಳಿಗೆ ಇದು ಗೊತ್ತಿಲ್ಲದ್ದೇನಲ್ಲ, ದಿನಾ ಕಾಣುವುದೇ. ಆದ್ದರಿಂದ ಈ ಪುಸ್ತಕ ಸೂಟಿಗೆ ಹಳ್ಳಿಗೆ ಬರುವ ಮಗುವಿನ ಕಣ್ಣಿನಿಂದ ಬರೆದದ್ದು, ಹಳ್ಳಿಯಲ್ಲೇ ಇರುವ ಮಗುವಿನ ಕಣ್ಣಿನಿಂದ ಬರೆದದ್ದಲ್ಲ. ಮುಂಡರಗಿ ಕಡೆಯ ಹುಡುಗಿಯೊಬ್ಬಳು ಇದನ್ನು ಓದಿದರೆ ಅವಳ ಪಾಲಿಗೆ ನೂನಿ ಅತಿಥಿ, ಗೆಳತಿಯಲ್ಲ. ಗೊತ್ತಿದ್ದು ಓದಿದರೆ ನಷ್ಟವಿಲ್ಲ.

*

ಪುರಾಣದ ಐದು ಪುಸ್ತಕಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. 2016ರಲ್ಲಿ ‘ದ ಸರ್ಪೆಂಟ್ಸ್ ರಿವೆಂಜ್’ನಿಂದ ಶುರುವಾದ ಸರಣಿ ಇದು. ಮೊದಲ ಪುಸ್ತಕ ಮಹಾಭಾರತದ ಕಥೆಗಳದು. ಸಾಮಾನ್ಯವಾಗಿ ಕಿವಿಗೆ ಬೀಳದ ಉಪಕಥೆಗಳನ್ನು ಆರಿಸಿದ್ದಾರೆ, ಆಯ್ಕೆ ಚೆನ್ನಾಗಿದೆ. ಯಾರು ಯಾರ ಮಗ, ಯಾರಿಗೆ ಯಾರ ಶಾಪ ಎಂದು ತಿಳಿಯಲು ಅನುಕೂಲ. ಆದರೆ ಅವು ಬರಿ ಸಂಗತಿಗಳು. ಒಂದು ಶಾಪದಿಂದ ಇನ್ನೊಂದು ಶಾಪಕ್ಕೆ ಕಥೆ ಓಡುತ್ತದೆ, ಯಾರ ಮುಖದ ಮುಂದೆಯೂ ನಿಲ್ಲುವುದಿಲ್ಲ.

ಬೇರೆ ಊರಿನವರಿಗೆ ಇದು ಸಾಕಾಗಬಹುದು, ಗದಗಿನವರು ಒಪ್ಪುವುದು ಕಷ್ಟ. ವೀರನಾರಾಯಣನ ಗುಡಿಯಲ್ಲಿ ಕಂಬಕ್ಕೊರಗಿ ಕುಮಾರವ್ಯಾಸ ಭಾರತ ಬರೆದ ಎಂದು ಕೇಳಿ ಬೆಳೆದವರು ನಾವು. ಅವನ ಕಾವ್ಯಕ್ಕೆ ಊರಿನ ಹೆಸರೇ ಅಂಟಿ ‘ಗದುಗಿನ ಭಾರತ’ವಾಯಿತು. ಅಲ್ಲಿ ದ್ರೌಪದಿ ಸಿಟ್ಟಾದರೆ ಸಭೆಯೇ ನಡುಗುತ್ತದೆ, ಭೀಮ ಸಂಕಟಪಟ್ಟರೆ ಕೇಳುವವರ ಗಂಟಲು ಕಟ್ಟುತ್ತದೆ. ಎಂಟು ವರ್ಷದ ಮಗುವಿಗೆ ಅದರ ಭಾಷೆ ತಿಳಿಯುವುದಿಲ್ಲ, ಸರಿ. ಆದರೆ ಗಮಕದಲ್ಲಿ ಒಮ್ಮೆ ಕೇಳಿಸಿ ನೋಡಿ, ಅರ್ಥವಾಗದಿದ್ದರೂ ಮಗು ಅಲುಗದೆ ಕೂರುತ್ತದೆ. ಮೊದಲು ಗಮಕ ಕೇಳಲಿ, ಆಮೇಲೆ ಯಾರ್ಯಾರು ಏನೇನು ಎಂದು ತಿಳಿಯಲು ಈ ಪುಸ್ತಕ ತೆಗೆಯಲಿ.

ಆರೇಳು ವರ್ಷದವರಿಗೆ ಒಂದೊಂದೇ ಕಥೆಯ ಚಿತ್ರಪುಸ್ತಕಗಳಿವೆ. ಸಮುದ್ರ ಉಪ್ಪಾದ ಕಥೆಯದು ಒಂದು, ಉಳ್ಳಾಗಡ್ಡಿಗೆ ಪದರ ಬಂದ ಕಥೆಯದು ಇನ್ನೊಂದು. ನಮ್ಮ ಕಡೆ ಉಳ್ಳಾಗಡ್ಡಿ ಬೆಳೆಯುವ ಮನೆಗಳಿಗೇನು ಕಡಿಮೆಯೇ? ರೇಟು ಬಿದ್ದ ವರ್ಷ ದೊಡ್ಡವರ ಕಣ್ಣಲ್ಲಿ ಹೆಚ್ಚದೆಯೂ ನೀರು ತರಿಸುವ ಬೆಳೆ ಅದು. ಆ ಮನೆಗಳ ಮಕ್ಕಳು ಈ ಪುಸ್ತಕ ಓದಿ ಅಪ್ಪನಿಗೆ ಹೇಳಲಿ, ಅಪ್ಪನೂ ಒಮ್ಮೆ ನಗಲಿ. ನಾಯಿಯೇ ಕಥೆ ಹೇಳುವ ‘ದ ಗೋಪಿ ಡೈರೀಸ್’ ಮೂರು ಪುಸ್ತಕಗಳೂ ಹಗುರಾಗಿ ಓದಿಸಿಕೊಳ್ಳುತ್ತವೆ. ಉಪದೇಶ ಕಡಿಮೆ. ನಾಯಿಯ ಬಾಯಲ್ಲಿ ನೀತಿ ಹೇಳಿಸುವುದು ಲೇಖಕಿಗೂ ಕಷ್ಟವಾಗಿರಬೇಕು, ಓದುಗರಿಗೆ ಅದರಿಂದ ಲಾಭವೇ ಆಗಿದೆ.

ಹದಿಹರೆಯದವರಿಗೆ ಇಂಗ್ಲಿಷ್ ಬಿಟ್ಟು ಕನ್ನಡದ ‘ಸಾಮಾನ್ಯರಲ್ಲಿ ಅಸಾಮಾನ್ಯರು’ ಕೊಡಿ. ಮಕ್ಕಳಿಗೆಂದು ಬರೆದದ್ದಲ್ಲ. ಆದರೆ ಬಂಡಲ್ ಬಿಂದುವಿನಂಥ ಮಂದಿ ಅದರಲ್ಲಿದ್ದಾರೆ. ನೇರ ಮಾತಿನ, ಊರೆಲ್ಲದರಲ್ಲಿ ಮೂಗು ತೂರಿಸುವ, ಹೊತ್ತಿಗೆ ಆಗಿಬರುವ ನಮ್ಮ ಮಂದಿ. ಉಪದೇಶ ಮಾಡಲು ಇಂಥವರು ಬಿಡುವುದಿಲ್ಲ, ಲೇಖಕಿಯನ್ನು ತಾವೇ ಎಳೆದುಕೊಂಡು ಹೋಗುತ್ತಾರೆ.

*

ಇನ್ನು ಅವ್ವನ ಪ್ರಶ್ನೆ. ಶಿಗ್ಗಾಂವಿ ಅಜ್ಜಿ ಇಂಗ್ಲಿಷಿನಲ್ಲಿ ಯಾಕೆ ಮಾತಾಡುತ್ತಾಳೆ?

ಅಜ್ಜಿಯ ಮೇಲೆ ತಪ್ಪು ಹೊರಿಸಿದರೆ ಅನ್ಯಾಯವಾದೀತು. ಮೊಮ್ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಚ್ಚಿದವರು ನಾವು. ಮಕ್ಕಳು ಇರುವಲ್ಲಿಗೆ ಅಜ್ಜಿ ನಡೆದು ಹೋಗಿದ್ದಾಳೆ, ಅಷ್ಟೇ. ಅವಳು ಹೋಗದಿದ್ದರೆ ಆ ಮಕ್ಕಳ ಕೈಯಲ್ಲಿ ಶಿಗ್ಗಾಂವಿ ಎಂಬ ಹೆಸರೇ ಇರುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಓದುವ ನನ್ನ ಅಣ್ಣನ ಮಗಳು ಕಾವೇರಿಯ ಕಥೆಯನ್ನು ತನ್ನ ಆಯಿಗೆ ಹೇಳುವಂತಾದದ್ದು ಈ ಇಂಗ್ಲಿಷ್ ಪುಸ್ತಕದ ದೆಸೆಯಿಂದಲೇ.

ಆದರೂ ಲೆಕ್ಕ ತೀರುವುದಿಲ್ಲ. ನಮ್ಮ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆ ಎಂದು ಎಣಿಸುವಾಗ ‘ಕವಿರಾಜಮಾರ್ಗ’ ಹೆಸರಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡ. ಮುಳಗುಂದದ ನಯಸೇನ ಕನ್ನಡದಲ್ಲಿ ಸಂಸ್ಕೃತ ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಎಂದು ಜಂಕಿಸಿದ. ಅಂಥ ಸೀಮೆಯಲ್ಲಿ ಅಜ್ಜಿಗೆ ನಾವು ಆಯಿ ಎನ್ನುತ್ತೇವೆ, ಎಷ್ಟೋ ಮನೆಗಳಲ್ಲಿ ಅಮ್ಮ ಎನ್ನುತ್ತಾರೆ, ತಾಯಿಗೆ ಅವ್ವ. ಅಚ್ಚಾದ ಮಕ್ಕಳ ಪುಸ್ತಕಗಳಲ್ಲಿ ಈ ಆಯಿ ಬಾಯಿ ಬಿಡುವುದು ಅಪರೂಪ. ಇಂಗ್ಲಿಷಿನಲ್ಲಿ ಸರಿ, ಕನ್ನಡದಲ್ಲೂ ಅಪರೂಪವೇ. ಬೆಂಗಳೂರು-ಮೈಸೂರಿನ ಪಠ್ಯಪುಸ್ತಕದ ಕನ್ನಡದಲ್ಲಿಯೇ ನಮ್ಮ ಮಕ್ಕಳು ಕಥೆ ಓದುತ್ತಾರೆ, ಮನೆಯ ಮಾತು ಪುಸ್ತಕಕ್ಕೆ ಸಲ್ಲದ್ದು ಎಂದು ತಿಳಿದುಕೊಳ್ಳುತ್ತಾರೆ. ಸುಧಾ ಮೂರ್ತಿಯವರಿಗೆ ಈ ಮಾತು ಹುಟ್ಟಿನಿಂದ ಬಂದದ್ದು, ಓದುಗರೂ ಲಕ್ಷಗಟ್ಟಲೆ. ಮಕ್ಕಳಿಗಾಗಿ ಒಂದೇ ಒಂದು ಪುಸ್ತಕವನ್ನು ಅವರು ಹುಬ್ಬಳ್ಳಿ-ಗದಗಿನ ಆಡುಮಾತಿನಲ್ಲಿ, ಇದ್ದದ್ದು ಇದ್ದ ಹಾಗೆ ಬರೆದಿದ್ದರೆ ಎಷ್ಟು ದೊಡ್ಡ ಬಾಗಿಲು ತೆರೆಯುತ್ತಿತ್ತು! ಇದು ದೂರು ಅಲ್ಲ, ಮನೆಯ ಹೆಣ್ಣುಮಗಳ ಮೇಲಿನ ಹಕ್ಕಿನ ಮಾತು.

ಅಲ್ಲಿಯ ತನಕ ಅವರ ಪುಸ್ತಕಗಳ ಪಕ್ಕದಲ್ಲಿ ಇನ್ನು ಕೆಲವನ್ನು ಇಡಿ. ಗದಗ ಹತ್ತಿರದ ಹೊಂಬಳದಲ್ಲಿ 1928ರಲ್ಲಿ ಹುಟ್ಟಿದ ಚೆನ್ನವೀರ ಕಣವಿಯವರು ಮಕ್ಕಳಿಗಾಗಿ ‘ಹಕ್ಕಿ ಪುಕ್ಕ’ ಬರೆದಿದ್ದಾರೆ, ಸಿಕ್ಕರೆ ಬಿಡಬೇಡಿ. ಊರಿನ ಪಂಚಾಯತಿ ಗ್ರಂಥಾಲಯ ಈಗ ‘ಅರಿವು ಕೇಂದ್ರ’ವಾಗಿದೆ, ಮಕ್ಕಳ ಹೆಸರು ಅಲ್ಲಿ ಬರೆಸಿ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಬಾತುಗಳು ಬಂದಿಳಿಯುತ್ತವೆ. ಅವುಗಳ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳುವ ಚಿತ್ರಪುಸ್ತಕ ನನ್ನ ಕೈಗೆ ಇನ್ನೂ ಬಂದಿಲ್ಲ. ಬರೆಯುವವರು ಬರೆಯಲಿ ಎಂದು ಕಾಯುತ್ತಿದ್ದೇನೆ.

ಸೂಟಿ ಮುಗಿಯುವ ಮುಂಚೆ ಹುಡುಗಿ ಅಜ್ಜಿಗೆ ಓದು ಕಲಿಸಿದ ಕಥೆಯನ್ನೂ ಹೇಳಿದಳು. ಅವ್ವ ಪೂರ್ತಿ ಕೇಳಿದಳು, ಕಾಲು ಮುಟ್ಟಿದ ಜಾಗದಲ್ಲಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ಆ ಕಾಶೀಯಾತ್ರಿ ಬುಕ್ಕು ಸಿಗತೈತೇನು?”

ಸಿಕ್ಕಿತು, ತಂದುಕೊಟ್ಟೆ. ಅವ್ವ ನಾಲ್ಕನೇತ್ತೆ ಓದಿದವಳು, ಈಗ ಪರೆ ತೆಗೆಸಿದ ಕಣ್ಣು, ಸಣ್ಣ ಅಕ್ಷರ ಕಾಣುವುದಿಲ್ಲ. ಮೊಮ್ಮಗಳೇ ಓದಿ ಹೇಳಬೇಕು. ಹುಡುಗಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಒತ್ತಕ್ಷರಕ್ಕೆ ಬಂದರೆ ತಡವರಿಸುತ್ತಾಳೆ, ಎರಡು ಸಾಲಿಗೆ ಬೆವರುತ್ತಾಳೆ. ಆಯಿ ಹಾಸುಗಲ್ಲಿನ ಮೇಲೆ ಬಳಪದಿಂದ ದೊಡ್ಡದಾಗಿ ಬರೆದು ತೋರಿಸುತ್ತಾಳೆ. ಪುಸ್ತಕದ ಶಿಗ್ಗಾಂವಿಯಲ್ಲಿ ಮೊಮ್ಮಗಳು ಅಜ್ಜಿಗೆ ಕಲಿಸಿದಳು, ನಮ್ಮ ಪಡಸಾಲೆಯಲ್ಲಿ ಪಾಠ ತಿರುಗುಮುರುಗಾಗಿದೆ.

ಹುಡುಗಿ ಹುಬ್ಬಳ್ಳಿಗೆ ಹೊರಟ ದಿನದ ಹೊತ್ತಿಗೆ ಹನ್ನೊಂದು ಪುಟ ಆಗಿದ್ದವು. ಮುಂದೇನಾತು ಎಂದು ಅವ್ವ ಫೋನಿನಲ್ಲಿ ದಿನಾ ಕೇಳುತ್ತಾಳೆ.